ಕ್ರೂಸ್ ಹಡಗಿನ ಅಡುಗೆಮನೆಯವರಿಗೆ ಬಹಿರಂಗ ಪತ್ರ: ಐಟಂ ಜಾಸ್ತಿ ಬೇಡ, ಏನು ಹಾಕಿದ್ದೀರಿ ಹೇಳಿ

ಕ್ರೂಸ್ ಹಡಗು ಕಂಪನಿಗಳಲ್ಲಿ ಊಟ ತಿಂಡಿ ನೋಡಿಕೊಳ್ಳುವವರಿಗೆ, ಹಾಗೇ ದೆಹಲಿಯ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯದವರಿಗೆ,

ನಮಸ್ಕಾರ.

ನಿಮ್ಮ ಜಾಹೀರಾತಿನಲ್ಲಿ ಊಟದ ಮಾತು ಬಂದರೆ ಮೊದಲು ಕಾಣುವುದು ಒಂದು ಸಂಖ್ಯೆ. 2024ರ ಜನವರಿಯಲ್ಲಿ ಮೊದಲ ಸಲ ಪ್ರಯಾಣಿಕರನ್ನು ಹೊತ್ತು ಹೊರಟ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ತಿನ್ನುವ ಕುಡಿಯುವ ಜಾಗಗಳೇ 40ಕ್ಕಿಂತ ಜಾಸ್ತಿಯಂತೆ. ಒಳ್ಳೆಯದು. ಒಂದೇ ಹಡಗಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ ಅಂದರೆ ಅಷ್ಟಾದರೂ ಬೇಕಲ್ವಾ. ಆದರೆ ನಮ್ಮ ಕಡೆಯಿಂದ ಹಡಗು ಹತ್ತುವ ಬಹಳ ಜನರಿಗೆ ಹೋಟೆಲ್ ಕಡಿಮೆಯಾಯಿತು ಅನ್ನುವ ಕೊರಗಿಲ್ಲ. ಎದುರಿಗೆ ಬಂದ ತಟ್ಟೆಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ ಅನ್ನುವುದೇ ತಲೆಬಿಸಿ. ಈ ಪತ್ರ ಮುಖ್ಯವಾಗಿ ಅದರ ಬಗ್ಗೆ.

ನಾವು ಅಂದರೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಅಪ್ಪ ಅಮ್ಮಂದಿರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುತ್ತಾರೆ. ಮಕ್ಕಳು ಬೇಸಿಗೆಯಲ್ಲಿ ಸಿಯಾಟಲ್‌ನಿಂದ ಅಲಾಸ್ಕಾಗೋ, ರಜೆ ನೋಡಿಕೊಂಡು ಮಯಾಮಿಯಿಂದ ಕೆರಿಬಿಯನ್ ಕಡೆಗೋ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಇನ್ನು ಕೆಲವರು ಸಿಂಗಪುರದಲ್ಲಿ ಹತ್ತುತ್ತಾರೆ, ಕೆಲವರು ಮುಂಬೈನಲ್ಲಿ. ಮೊಮ್ಮಕ್ಕಳಿಗೆ ಪಿಜ್ಜಾ, ಐಸ್‌ಕ್ರೀಮ್ ಕಂಡರೆ ಸಾಕು, ಅವರ ವಿಷಯದಲ್ಲಿ ನಿಮಗೆ ತೊಂದರೆಯೇ ಇಲ್ಲ. ಕಷ್ಟ ಇರುವುದು ಅರವತ್ತೈದು ದಾಟಿದವರದ್ದು. ಒಂದೊಂದು ಮೇಜಿಗೆ ಮೂರು ತಲೆಮಾರು ಕೂತಿರುತ್ತದೆ, ಬಿಲ್ ಕಟ್ಟುವವರು ಮಧ್ಯದವರು, ಅವರಿಗೆ ತಮ್ಮ ತಟ್ಟೆಗಿಂತ ಅಮ್ಮ ಏನು ತಿಂದಳು ಅನ್ನುವುದೇ ಚಿಂತೆ.

ಅಲಾಸ್ಕಾ ಹಡಗಿನಲ್ಲಿ ನಮ್ಮ ಮನೆಯವರಿಗೆ ಆದದ್ದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಯಾಕಂದರೆ ಇದು ಒಬ್ಬರ ಕಥೆಯಲ್ಲ. ಫಾರ್ಮಲ್ ನೈಟ್ ದಿನ ಕೋಟು ಹಾಕಿಕೊಂಡು ಬನ್ನಿ ಅಂದಿದ್ದರು. ಅಪ್ಪ ಹಾಕಿಕೊಂಡರು, ಅಮ್ಮ ರೇಷ್ಮೆ ಸೀರೆ ಉಟ್ಟಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ನಮ್ಮಲ್ಲಿ ಗಾದೆಯೇ ಇದೆ. ನೋಟ ಅವರ ಇಚ್ಛೆಯಂತೆಯೇ ಆಯಿತು. ಊಟಕ್ಕೆ ಕೂತಾಗ ಮೆನುವಿನಲ್ಲಿ ತರಕಾರಿ ಸೂಪ್ ಅಂತಿತ್ತು. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಟಿಕ್ ಹಾಕಿದ್ದೆವು, ಆದ್ದರಿಂದ ಧೈರ್ಯವಾಗಿ ತರಿಸಿಕೊಂಡೆವು. ಬಿಸಿ ಬಿಸಿ ಸೂಪ್, ಮೇಲೆ ಸಣ್ಣಗೆ ಹೆಚ್ಚಿದ ಕ್ಯಾರೆಟ್ಟು, ಸೆಲರಿ. ಅಪ್ಪ ಎರಡು ಚಮಚ ಕುಡಿದು, ಏನೋ ವಾಸನೆ ಬೇರೆ ಇದೆಯಲ್ಲ ಅಂದರು. ವೇಟರ್ ಹುಡುಗನನ್ನು ಕರೆದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ಒಳಗೆ ಹೋಗಿ ಕೇಳಿಕೊಂಡು ಬಂದ. ತರಕಾರಿ ಬೇಯಿಸಿದ್ದು ಕೋಳಿ ಬೇಯಿಸಿದ ನೀರಿನಲ್ಲಿ, ಅದೇ ಚಿಕನ್ ಸ್ಟಾಕ್. ಪಾಪ, ಅವನ ಮುಖ ಸಣ್ಣದಾಯಿತು. ಅಪ್ಪ ಕನ್ನಡದಲ್ಲೇ "ಇರಲಿ ಬಿಡಪ್ಪ, ನೀನೇನು ಮಾಡ್ತೀಯ" ಅಂದು ಚಮಚ ಕೆಳಗಿಟ್ಟರು. ಅಲ್ಲಿಂದ ಮುಂದೆ ಹಡಗಿನಿಂದ ಇಳಿಯುವ ತನಕ ಅವರ ಊಟ ಬ್ರೆಡ್ಡು, ಬಾಳೆಹಣ್ಣು, ಹಾಲಿಗೆ ಹಾಕಿದ ಕಾರ್ನ್‌ಫ್ಲೇಕ್ಸ್. ಎಷ್ಟು ಹೇಳಿದರೂ ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ನಂಬಿಕೆ ಒಮ್ಮೆ ಹೋದರೆ ಹೋಯಿತು.

ನಮ್ಮ ಸಸ್ಯಾಹಾರ ಅಂದರೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣಬಾರದು ಅನ್ನುವಷ್ಟೇ ಅಲ್ಲ. ಸೂಪಿನ ನೀರು, ಅನ್ನ ಬೇಯಿಸಿದ ನೀರು, ಕೇಕಿನ ಮೊಟ್ಟೆ, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದು ಪುಡ್ಡಿಂಗಿಗೆ ಹಾಕುವ ಜೆಲಟಿನ್, ಸೀಸರ್ ಸಲಾಡಿನ ಸಾಸಿಗೆ ಅರೆದು ಹಾಕುವ ಆಂಚೊವಿ ಮೀನು, ಥಾಯ್ ಪಲ್ಯದ ಫಿಶ್ ಸಾಸ್, ಚೈನೀಸ್ ತರಕಾರಿಗೆ ಹಾಕುವ, ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಹೆಪ್ಪು ಬಳಸುತ್ತಾರೆ ಅನ್ನುವುದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಎಲ್ಲರೂ ಇದನ್ನೆಲ್ಲ ಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಮೊಟ್ಟೆ ತಿನ್ನುವವರು ಇದ್ದಾರೆ, ಕೇಕ್ ಆದರೆ ಪರವಾಗಿಲ್ಲ ಆಮ್ಲೆಟ್ ಬೇಡ ಅನ್ನುವವರು ಇದ್ದಾರೆ, ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆ ಗೆಣಸು ಯಾವುದೂ ಮುಟ್ಟದ ಜೈನರು ಇದ್ದಾರೆ, ಶನಿವಾರ ಮಾತ್ರ ಬಿಡುವವರೂ ಇದ್ದಾರೆ. (ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಇನ್ನೊಂದು ತಿಂಗಳು ಮೊಸರು ಬಿಡುವವರ ಬಗ್ಗೆ ಹೆದರಬೇಡಿ, ಅವರು ಆ ಸಮಯದಲ್ಲಿ ಹಡಗಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.) ಯಾರು ಏನು ಬಿಡಬೇಕು ಅಂತ ತೀರ್ಮಾನ ಮಾಡುವ ಕೆಲಸ ನಿಮಗೆ ಬೇಡ. ಏನು ಹಾಕಿದ್ದೀರಿ ಅಂತ ಬರೆಯಿರಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.

ಇದೇನು ಹೊಸ ಕೆಲಸವೂ ಅಲ್ಲ. ಯುರೋಪಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ, ಅದರಲ್ಲಿ ಯಾವುದಾದರೂ ಹಾಕಿದ್ದರೆ ಹೋಟೆಲಿನವರು ತಿಳಿಸಲೇಬೇಕು. ಕಡಲೆಕಾಯಿ, ಎಳ್ಳು, ಸಾಸಿವೆ ತನಕ ಲೆಕ್ಕ ಇಡುವ ಅಡುಗೆಮನೆಗೆ ಚಿಕನ್ ಸ್ಟಾಕ್ ಎಲ್ಲಿ ಬಿತ್ತು ಅಂತ ಗೊತ್ತಿಲ್ಲದೇ ಇರುತ್ತದೆಯೇ? ನಮ್ಮ ದೇಶದಲ್ಲಿ ಬಿಸ್ಕತ್ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಇರುತ್ತದೆ. ಓದಲು ಬಾರದ ಅಜ್ಜಿಯೂ ಅದನ್ನು ನೋಡಿ ಧೈರ್ಯವಾಗಿ ತಿನ್ನುತ್ತಾಳೆ. ಬಫೆಯಲ್ಲಿ ಪ್ರತಿ ಪಾತ್ರೆಯ ಮುಂದೆ ಹೇಗೂ ಒಂದು ಚೀಟಿ ಇಟ್ಟಿರುತ್ತೀರಿ, ಅದರಲ್ಲಿ ಐಟಂ ಹೆಸರು ದೊಡ್ಡದಾಗಿ ಇರುತ್ತದೆ. ಅದರ ಪಕ್ಕ ಒಂದು ಚುಕ್ಕೆ, ಕೆಳಗೆ ಒಂದು ಸಾಲು: ಮೊಟ್ಟೆ ಇದೆ, ಸ್ಟಾಕ್ ಕೋಳಿಯದ್ದು, ಜೆಲಟಿನ್ ಇದೆ. ಇಷ್ಟೇ ಸಾಕು. ಜತೆಗೆ ಒಂದೊಂದು ಪಾತ್ರೆಗೆ ಒಂದೊಂದು ಸೌಟು ಅಂತ ಕಟ್ಟುನಿಟ್ಟು ಮಾಡಿ. ಸಾಸೇಜ್ ಎತ್ತಿದ ಇಕ್ಕಳದಲ್ಲೇ ಆಲೂಗಡ್ಡೆ ಎತ್ತುವುದನ್ನು ಕಣ್ಣಾರೆ ಕಂಡ ಮೇಲೆ ಯಾವ ಚುಕ್ಕೆ ಇದ್ದೇನು.

ಈಗ ಇಂಡಿಯನ್ ಊಟದ ವಿಷಯ. ಹಡಗಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಒಂದು ಗುಟ್ಟಿದೆ. ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಹೋಗಿ ನಾಳೆಗೆ ಇಂಡಿಯನ್ ವೆಜ್ ಬೇಕು ಅಂದರೆ ಬಹಳ ಹಡಗುಗಳಲ್ಲಿ ಮಾಡಿಕೊಡುತ್ತಾರೆ. ಮಾರನೇ ದಿನ ಮೇಜಿಗೆ ದಾಲ್, ಒಂದು ಪಲ್ಯ, ಅನ್ನ, ಹಪ್ಪಳ ಬರುತ್ತದೆ. ಮಾಡುವವರು ನಮ್ಮವರೇ. ಹಡಗಿನ ಸಿಬ್ಬಂದಿಯಲ್ಲಿ ಎಷ್ಟು ಭಾರತೀಯರು ಇರುತ್ತಾರೆ ಅನ್ನುವುದು 2020ರಲ್ಲಿ ಎಲ್ಲರಿಗೂ ಗೊತ್ತಾಯಿತು. ಜಪಾನಿನ ಯೊಕೊಹಾಮಾದಲ್ಲಿ ಕೋವಿಡ್‌ನಿಂದ ತಡೆದು ನಿಲ್ಲಿಸಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಪ್ರಯಾಣಿಕರು ಬರೀ ಆರು ಜನ, ಉಳಿದ 132 ಜನ ಸಿಬ್ಬಂದಿ. ಗೋವಾ, ಕೇರಳ, ಮುಂಬೈ, ನಮ್ಮ ಮಂಗಳೂರು ಉಡುಪಿ ಕಡೆಯ ಹುಡುಗರು ಎಷ್ಟೋ ಹಡಗುಗಳ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾರೆ. ತಮಾಷೆ ಏನಂದರೆ, ಕೆಳಗೆ ಸಿಬ್ಬಂದಿಯ ಮೆಸ್ಸಿನಲ್ಲಿ ಅನ್ನ ಸಾರು ಕುದಿಯುತ್ತಿರುತ್ತದೆ, ಮೇಲೆ ದುಡ್ಡು ಕೊಟ್ಟು ಬಂದವರು ಅದನ್ನೇ ಹುಡುಕುತ್ತಿರುತ್ತಾರೆ.

ಅಂದರೆ ಕೈ ಇದೆ, ಸಾಮಾನಿದೆ, ಪಾತ್ರೆಯೂ ಇದೆ. ಮತ್ತೆ ಗುಟ್ಟು ಯಾಕೆ? ಗೊತ್ತಿದ್ದವರು ಕೇಳಿ ತಿನ್ನುತ್ತಾರೆ, ಸಂಕೋಚದವರು ಸುಮ್ನೆ ಸಲಾಡ್ ತಿಂದು ಎದ್ದು ಹೋಗುತ್ತಾರೆ. ನಮ್ಮ ಹಿರಿಯರಿಗೆ ಇನ್ನೊಬ್ಬರಿಗೆ ತೊಂದರೆ ಕೊಟ್ಟು ಊಟ ಮಾಡುವುದು ಅಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಬೇರೆ ಊಟ ಬೇಕಿದ್ದರೆ ತಿಂಗಳಿಗೂ ಮುಂಚೆ ಇಮೇಲ್ ಹಾಕಿ ಅಂತ ನಿಯಮ ಇಟ್ಟಿರುತ್ತೀರಿ, ಸರಿ. ಅದನ್ನು ಬುಕಿಂಗ್ ಮಾಡುವ ಪುಟದಲ್ಲೇ ಕೇಳಿ. ಕೇಳಿದ್ದು ಕಂಪ್ಯೂಟರಿನಲ್ಲೇ ಉಳಿಯದೆ ನಮ್ಮ ಮೇಜಿನ ವೇಟರ್ ತನಕ ಬರಲಿ. ರಾತ್ರಿ ಊಟದ ಮೆನುವಿನಲ್ಲಿ ದಿನವೂ ಒಂದು ಸಾಲು ಇಂಡಿಯನ್ ವೆಜ್ ಅಚ್ಚು ಹಾಕಿ. ಈಗಾಗಲೇ ಹೀಗೆ ಮಾಡುವವರು ಇದ್ದಾರೆ, ಅವರಿಗೆ ಥ್ಯಾಂಕ್ಸ್.

ಆದರೆ ಇಂಡಿಯನ್ ಅಂದ ತಕ್ಷಣ ಪನೀರ್ ತಂದಿಡುವುದನ್ನು ದಯವಿಟ್ಟು ಬಿಡಿ. ಸೋಮವಾರ ಪನೀರ್ ಬಟರ್ ಮಸಾಲ, ಮಂಗಳವಾರ ಪಾಲಕ್ ಪನೀರ್, ಬುಧವಾರ ಕಡಾಯಿ ಪನೀರ್. ಪಂಜಾಬಿನವರೂ ದಿನಾ ಇದನ್ನು ತಿನ್ನುವುದಿಲ್ಲ. ಎಪ್ಪತ್ತರ ವಯಸ್ಸಿನವರಿಗೆ ಮೂರನೇ ದಿನಕ್ಕೆ ಹೊಟ್ಟೆ ಕಟ್ಟಿಕೊಂಡು ಕೂರುತ್ತದೆ.

ಹಾಗಂತ ದೋಸೆ ಕೊಡಿ ಅಂತ ನಾನು ಹಟ ಹಿಡಿಯುವುದಿಲ್ಲ, ನಿಮ್ಮ ಕಷ್ಟವೂ ಗೊತ್ತು. ಹಡಗಿನ ಅಡುಗೆಮನೆಯಲ್ಲಿ ಬೆಂಕಿಯ ಉರಿ ಇರುವುದಿಲ್ಲ, ಹೆಚ್ಚುಕಡಿಮೆ ಎಲ್ಲವೂ ಕರೆಂಟಿನ ಒಲೆ. ಬೆಳಗ್ಗೆ ಪ್ಯಾನ್‌ಕೇಕ್, ಆಮ್ಲೆಟ್, ಬೇಕನ್ ಎಲ್ಲ ಬೇಯುವ ಆ ದೊಡ್ಡ ಕಾವಲಿಯಲ್ಲೇ ದೋಸೆ ಹೊಯ್ದರೆ ನಮ್ಮವರು ತಿನ್ನುವುದಿಲ್ಲ, ಬೇರೆ ಕಾವಲಿ ಇಡಲು ನಿಮಗೆ ಜಾಗವಿಲ್ಲ. ಅದಲ್ಲದೆ ಹಿಟ್ಟು ಹುದುಗಬೇಕು. ಅಮೆರಿಕದ ಬಂದರಿಗೆ ಹೋಗಿಬರುವ ಹಡಗುಗಳನ್ನು ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರು ಹೇಳದೇ ಕೇಳದೇ ಬಂದು ತಪಾಸಣೆ ಮಾಡುತ್ತಾರೆ. ನೂರಕ್ಕೆ 86 ಬಂದರೆ ಪಾಸು, 85 ಬಂದರೆ ಫೇಲು, ಅಂಕ ಎಲ್ಲರೂ ನೋಡುವ ಹಾಗೆ ಪ್ರಕಟವಾಗುತ್ತದೆ. ಬೇಗ ಕೆಡುವ ತಣ್ಣಗಿನ ಪದಾರ್ಥ 5 ಡಿಗ್ರಿಯ ಒಳಗೆ, ಬಿಸಿಯದ್ದು 57 ಡಿಗ್ರಿಯ ಮೇಲೆ ಇರಬೇಕು ಅನ್ನುವುದು ಅವರ ನಿಯಮ. ರಾತ್ರಿಯಿಡೀ ಹೊರಗೆ ಉಬ್ಬುತ್ತಾ ಕೂತ ಉದ್ದಿನ ಹಿಟ್ಟಿನ ಪಾತ್ರೆಯನ್ನು ಅವರಿಗೆ ತೋರಿಸಿ ಒಪ್ಪಿಸುವುದು ಅಷ್ಟು ಸುಲಭ ಇರಲಾರದು.

ಅದಕ್ಕೇ ನನ್ನ ಸಲಹೆ ಬೇರೆ. ಸಾರು ಮಾಡಿ. ತೊಗರಿಬೇಳೆ, ಟೊಮೆಟೊ, ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆಗೆ ಸಾಸಿವೆ ಇಂಗು ಕರಿಬೇವು. ದೊಡ್ಡ ಪಾತ್ರೆಯಲ್ಲಿ ಮಾಡಿ ಬಿಸಿಯಾಗಿಟ್ಟರೆ ಗಂಟೆಗಟ್ಟಲೆ ಕೆಡುವುದಿಲ್ಲ, ನಿಮ್ಮ 57 ಡಿಗ್ರಿ ನಿಯಮಕ್ಕೆ ಇದಕ್ಕಿಂತ ಒಗ್ಗುವ ಅಡುಗೆ ಸಿಗುವುದು ಕಷ್ಟ. ಬೇಡದವರು ಸೂಪ್ ಅಂತ ಕುಡಿಯಲಿ, ನಾವು ಅನ್ನಕ್ಕೆ ಹಾಕಿಕೊಳ್ಳುತ್ತೇವೆ. ಸಮುದ್ರ ಒರಟಾಗಿ ಹೊಟ್ಟೆ ತೊಳಸುವ ದಿನ ಇಂಗಿನ ಒಗ್ಗರಣೆಯ ತಿಳಿಸಾರಿಗೆ ಬೇರೆ ದೇಶದವರೂ ಸಾಲು ನಿಂತರೆ ನನಗೇನೂ ಆಶ್ಚರ್ಯವಿಲ್ಲ. ಬೆಳಗ್ಗೆ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಚಿತ್ರಾನ್ನ. ಹಿಟ್ಟು ಹುದುಗಿಸುವ ಗೋಜಿಲ್ಲ, ಕಾವಲಿ ಬೇಡ, ಒಂದು ಬಾಣಲೆ ಸಾಕು. ಅಡುಗೆಯವರಿಗೆ ಕಲಿಸಲೂ ಬೇಕಿಲ್ಲ, ಕರಾವಳಿಯ ಹುಡುಗನೊಬ್ಬ ಇದ್ದರೆ ಅವನೇ ಮಾಡುತ್ತಾನೆ.

ಇನ್ನು ಮೊಸರು. ಬಫೆಯ ಯೋಗರ್ಟ್‌ನಲ್ಲಿ ಮುಕ್ಕಾಲು ಪಾಲು ವೆನಿಲಾ, ಸ್ಟ್ರಾಬೆರಿ. ಏನೂ ಹಾಕದ ಸಾದಾ ಮೊಸರು ಸಿಗುವುದು ಬೆಳಗ್ಗೆ ಮಾತ್ರ, ಅನ್ನ ಸಿಗುವುದು ಮಧ್ಯಾಹ್ನ. ಎರಡೂ ಭೇಟಿಯಾಗುವುದೇ ಇಲ್ಲ. ನನ್ನ ಅಮ್ಮ ಬೆಳಗ್ಗೆ ಎರಡು ಕಪ್ ಮೊಸರು ರೂಮಿಗೆ ತಂದು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಮಧ್ಯಾಹ್ನ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಫೆಗೆ ಹೊತ್ತು ತಂದು, ಅನ್ನಕ್ಕೆ ಕಲಸಿ, ಕಾಗದದ ಪೊಟ್ಟಣದ ಉಪ್ಪು ಉದುರಿಸಿ, ಬೆಂಗಳೂರಿನಿಂದ ತಂದಿದ್ದ ಉಪ್ಪಿನಕಾಯಿ ಸ್ಯಾಷೆ ಹರಿದು ಒಂದು ಹೋಳು ಇಟ್ಟುಕೊಳ್ಳುತ್ತಿದ್ದಳು. ಪಕ್ಕದ ಮೇಜಿನ ಗುಜರಾತಿ ಅಜ್ಜಿ ನೋಡಿ ನೋಡಿ, ಮೂರನೇ ದಿನದಿಂದ ತಾನೂ ಅದೇ ಶುರು ಮಾಡಿದಳು. ಅಂಥ ಯೋಗರ್ಟ್‌ನಲ್ಲೂ ಕೆಲವಕ್ಕೆ ಜೆಲಟಿನ್ ಹಾಕಿರುತ್ತಾರೆ ಅನ್ನುವುದನ್ನು ನಾನು ಅಮ್ಮನಿಗೆ ಹೇಳಲಿಲ್ಲ, ಮುಚ್ಚಳ ಓದಿ ಹಾಕಿಲ್ಲದ್ದನ್ನು ನಾನೇ ಆರಿಸಿಕೊಡುತ್ತಿದ್ದೆ. ಮಧ್ಯಾಹ್ನವೂ ರಾತ್ರಿಯೂ ಅನ್ನದ ಪಕ್ಕ ಒಂದು ಬಟ್ಟಲು ಸಾದಾ ಮೊಸರು ಇಡಲು ನಿಮಗೆ ಎಷ್ಟು ಖರ್ಚಾದೀತು?

ಬಿಸಿ ಹಾಲಿನದ್ದೂ ಇದೇ ಕಥೆ. ಟೀಗೆ ತಣ್ಣಗಿನ ಹಾಲು ಹಾಕಿದರೆ ಟೀ ಆರಿ ನೀರಾಗುತ್ತದೆ. ಒಂದು ಫ್ಲಾಸ್ಕ್ ಬಿಸಿ ಹಾಲು ಕಾಫಿ ಮೆಷಿನ್ ಪಕ್ಕ ಇಡಿ, ಅಷ್ಟೇ. ಫಿಲ್ಟರ್ ಕಾಫಿ ಕೇಳುವಷ್ಟು ಆಸೆ ನಮಗಿಲ್ಲ. ಇದ್ದರೂ ಹೇಳುವುದಿಲ್ಲ.

ರೂಮಿನಲ್ಲಿ ಕೆಟಲ್ ಇಟ್ಟುಕೊಳ್ಳಲು ಬಹಳ ಹಡಗುಗಳಲ್ಲಿ ಬಿಡುವುದಿಲ್ಲ, ಬೆಂಕಿಯ ಭಯ, ಅದು ನ್ಯಾಯವೇ. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಬಿಡುವುದಿಲ್ಲ, ಸೀಲ್ ಒಡೆಯದ ಪೊಟ್ಟಣ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಅದಕ್ಕೇ ಬೆಳಗ್ಗೆ ಏಳಕ್ಕೆ ನಿಮ್ಮ ಬಫೆಯ ಬಿಸಿನೀರಿನ ನಲ್ಲಿಯ ಹತ್ತಿರ ನಮ್ಮವರು ರೆಡಿಮೇಡ್ ಉಪ್ಪಿಟ್ಟಿನ ಕಪ್ ಹಿಡಿದು ನಿಂತಿರುತ್ತಾರೆ. ಸಾವಿರಾರು ಡಾಲರ್ ಕೊಟ್ಟು ಬಂದವರು ಹೀಗೆ ನಿಂತಿದ್ದಾರೆ ಅಂದರೆ ಅಡುಗೆಮನೆಗೆ ಏನೋ ಸುದ್ದಿ ಮುಟ್ಟಬೇಕಿತ್ತು.

ಹೊತ್ತಿನ ಬಗ್ಗೆ ಎರಡು ಮಾತು. ಹಳೇ ಪದ್ಧತಿಯಲ್ಲಿ ರಾತ್ರಿ ಊಟಕ್ಕೆ ಎರಡು ಪಂಕ್ತಿ. ಮೊದಲನೆಯದು ಸಂಜೆ ಐದೂವರೆ ಆರಕ್ಕೆ, ಎರಡನೆಯದು ಎಂಟರ ಮೇಲೆ. ಐದೂವರೆ ನಮ್ಮಲ್ಲಿ ಕಾಫಿ ಹೊತ್ತು. 2000ನೇ ಇಸವಿಯಲ್ಲೇ ನಾರ್ವೇಜಿಯನ್ ಕ್ರೂಸ್ ಲೈನ್ ಯಾವಾಗ ಬೇಕಾದರೂ ಬಂದು ತಿನ್ನಿ ಅನ್ನುವ ಕ್ರಮ ತಂದಿತು, ಆಮೇಲೆ ಉಳಿದವರೂ ಅದನ್ನು ಹಿಡಿದರು. ಒಳ್ಳೆಯದೇ ಆಯಿತು. ಆದರೆ ದಿನಾ ಬೇರೆ ಬೇರೆ ಹೊತ್ತಿಗೆ ಹೋದರೆ ದಿನಾ ಹೊಸ ವೇಟರ್, ದಿನಾ ಮೊದಲಿನಿಂದ ಹೇಳಬೇಕು: ಮೊಟ್ಟೆ ಬೇಡ, ಸ್ಟಾಕ್ ಬೇಡ. ಆದ್ದರಿಂದ ವಿಶೇಷ ಊಟ ಕೇಳಿದವರಿಗೆ ಹೊತ್ತು ಯಾವುದೇ ಇರಲಿ, ಮೇಜು ಮತ್ತು ವೇಟರ್ ಒಂದೇ ಇರುವ ಹಾಗೆ ಮಾಡಿಕೊಡಿ. ಅಲಾಸ್ಕಾದಲ್ಲಿ ಊರು ನೋಡಲು ಬೆಳಗ್ಗೆ ಆರೂವರೆಗೆ ಇಳಿಸುವ ದಿನ ಬಿಸಿ ತಿಂಡಿಯೂ ಅಷ್ಟು ಹೊತ್ತಿಗೆ ಸಿಗಲಿ, ಬರೀ ಮಫಿನ್ ಸಾಲದು.

ಕೈ ತೊಳೆಯುವ ಜಾಗ ಇನ್ನೊಂದು. ಹೊಸ ಹಡಗುಗಳಲ್ಲಿ ಬಫೆಗೆ ಹೋಗುವ ಬಾಗಿಲಲ್ಲೇ ನಲ್ಲಿ, ಸೋಪು ಇಟ್ಟಿದ್ದಾರೆ. ವಾಂತಿ ಭೇದಿ ತರುವ ನೊರೊವೈರಸ್ ಹಬ್ಬದಿರಲು ಕೈಗೆ ಬರೀ ಸ್ಯಾನಿಟೈಸರ್ ಒತ್ತಿಕೊಳ್ಳುವುದಕ್ಕಿಂತ ಸೋಪು ನೀರೇ ಮೇಲು. ಅದನ್ನೇ ಹೊರಗೆ ಬರುವ ಬಾಗಿಲಲ್ಲೂ ಇಡಿ. ನಾವು ಕೈಯಲ್ಲಿ ಕಲಸಿ ತಿನ್ನುವವರು, ಊಟ ಆದ ಮೇಲೂ ಕೈ ತೊಳೆಯಬೇಕು.

ಇಷ್ಟು ಓದಿ ಕನ್ನಡದವರೆಲ್ಲ ಸೊಪ್ಪು ತಿನ್ನುವವರು ಅಂದುಕೊಳ್ಳಬೇಡಿ. ಮಂಗಳೂರಿನವರಿಗೆ ಮೀನಿಲ್ಲದೆ ಊಟ ಇಳಿಯುವುದಿಲ್ಲ, ಕೊಡಗಿನವರಿಗೆ ಹಂದಿಮಾಂಸ ಅಂದರೆ ಹಬ್ಬ, ಬ್ಯಾರಿಗಳಿಗೆ ಮಾಂಸ ಹಲಾಲ್ ಆಗಿರಬೇಕು. ಇವರೆಲ್ಲರೂ ಕೇಳುವುದು ನಾನು ಕೇಳಿದ್ದನ್ನೇ: ಇದರಲ್ಲಿ ಏನಿದೆ, ಯಾವ ಮಾಂಸ, ಯಾವ ಎಣ್ಣೆ. ಸಮುದ್ರದ ಮೇಲೆ ಕೂತು ಉಪ್ಪು ಹುಳಿ ಖಾರ ಇಲ್ಲದ ಬೇಯಿಸಿದ ಮೀನು ತಿನ್ನಬೇಕಲ್ಲ ಅಂತ ಕುಂದಾಪುರದ ಗೆಳೆಯನೊಬ್ಬ ಈಗಲೂ ಗೊಣಗುತ್ತಾನೆ.

ನಮ್ಮವರ ತಪ್ಪೂ ಹೇಳದಿದ್ದರೆ ಪತ್ರ ಒಂದು ಕಡೆ ವಾಲುತ್ತದೆ. ಫ್ರೀ ಅಂತ ತಟ್ಟೆ ತುಂಬಾ ಗುಡ್ಡೆ ಹಾಕಿಕೊಂಡು ಅರ್ಧ ಬಿಟ್ಟು ಏಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಹಾಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಗೊತ್ತೇ? ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಉಳಿದ ಊಟವನ್ನು 25 ಮಿಲಿಮೀಟರ್ ಜಾಲರಿಯಲ್ಲಿ ಇಳಿಯುವ ಹಾಗೆ ಅರೆದರೆ ದಡದಿಂದ ಮೂರು ನಾಟಿಕಲ್ ಮೈಲಿ ಆಚೆ, ಅರೆಯದಿದ್ದರೆ 12 ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು. ಮೆಡಿಟರೇನಿಯನ್, ಕೆರಿಬಿಯನ್‌ನಂಥ ಕಡೆ ಅರೆದದ್ದನ್ನೂ 12 ಮೈಲಿ ದಾಟಿಯೇ ಬಿಡಬೇಕು. ಏನಿದೆ ಅಂತ ಗೊತ್ತಿಲ್ಲದೆ ಎಲ್ಲ ಸ್ವಲ್ಪ ಸ್ವಲ್ಪ ಹಾಕಿಕೊಂಡು, ಬಾಯಿಗಿಟ್ಟು, ಬೇಡ ಅಂತ ಬಿಡುವವರೂ ಇದರಲ್ಲಿ ಸೇರಿದ್ದಾರೆ. ಸರಿಯಾಗಿ ಚೀಟಿ ಬರೆದಿಟ್ಟರೆ ನಿಮಗೂ ಒಂದಿಷ್ಟು ಉಳಿತಾಯ.

ಈಗ ಸಚಿವಾಲಯದವರಿಗೆ. 2024ರ ಸೆಪ್ಟೆಂಬರ್ 30ರಂದು ಮುಂಬೈನಲ್ಲಿ ಸಚಿವ ಸರ್ಬಾನಂದ ಸೋನೊವಾಲ್ ಅವರು ಕ್ರೂಸ್ ಭಾರತ್ ಮಿಷನ್ ಶುರು ಮಾಡಿದರು. 2029ರ ಹೊತ್ತಿಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆ ಎರಡು ಪಟ್ಟು ಆಗಬೇಕು ಅನ್ನುವುದು ಗುರಿ. ಟರ್ಮಿನಲ್ ಕಟ್ಟುತ್ತೀರಿ, ಸಂತೋಷ. ನಮ್ಮ ಬಂದರಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹಡಗುಗಳಿಗೆ ಹಸಿರು ಚುಕ್ಕೆಯ ನಿಯಮ ಹಾಕಿ. ಅಂಗಡಿಯ ಬಿಸ್ಕತ್ತಿಗೆ ಬೇಕಾದದ್ದು ಹಡಗಿನ ಬಫೆಗೆ ಬೇಡವೇ?

ನವಮಂಗಳೂರು ಬಂದರಿಗೆ ಮಳೆ ಮುಗಿದ ಮೇಲೆ ವಿದೇಶಿ ಹಡಗುಗಳು ಬರುತ್ತವೆ. ಇಳಿದವರನ್ನು ಚೆಂಡೆ ಬಾರಿಸಿ ಬರಮಾಡಿಕೊಳ್ಳುತ್ತೇವೆ. ಬಸ್ಸು ಹತ್ತಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಫ್ಯಾಕ್ಟರಿ ತೋರಿಸುತ್ತೇವೆ. ಬಹಳ ಜನ ಊಟಕ್ಕೆ ವಾಪಸ್ ಹಡಗಿಗೇ ಹೋಗುತ್ತಾರೆ. ಮಂಗಳೂರಿಗೆ ಬಂದು ನೀರುದೋಸೆ, ಬಂಗುಡೆ ಪುಳಿಮುಂಚಿ ತಿನ್ನದೆ ಹಡಗು ಹತ್ತುವುದು ಅಂದರೆ ಏನು ಹೇಳುವುದು! ಬಂದರಿನ ಒಳಗೇ, ಟರ್ಮಿನಲ್ ಪಕ್ಕ ನಾಲ್ಕು ಸ್ಟಾಲ್ ಹಾಕಿಸಿ. ಸ್ತ್ರೀಶಕ್ತಿ ಸಂಘದವರಿಗೆ ಕೊಡಿ, ಅವರು ನಡೆಸುತ್ತಾರೆ. ಶುಚಿಯ ಬಗ್ಗೆ ವಿದೇಶಿಯರಿಗೆ ಅನುಮಾನ ಬರುತ್ತದೆ, ಆದ್ದರಿಂದ ಎದುರಿಗೇ ಬಿಸಿಯಾಗಿ ಮಾಡಿಕೊಡಲಿ. ಅಲ್ಲಿಯೂ ಪ್ರತಿ ಐಟಂ ಮುಂದೆ ಏನು ಹಾಕಿದ್ದೇವೆ ಅಂತ ಬೋರ್ಡ್ ಇರಲಿ, ಮಸಾಲೆಗೆ ಗೋಡಂಬಿ ಅರೆದದ್ದೂ ಸೇರಿ. ಅವರಲ್ಲೂ ಅಲರ್ಜಿ ಇರುವವರು ಇರುತ್ತಾರೆ.

ಹಡಗು ಕಂಪನಿಯವರೇ, ಇದರಲ್ಲಿ ಒಂದನ್ನಾದರೂ ಈ ಸೀಸನ್ನಿನಲ್ಲೇ ಮಾಡಬಹುದು. ವಾರದ ಮೆನುವನ್ನು ಪದಾರ್ಥಗಳ ಸಮೇತ ಹಡಗು ಹೊರಡುವ ಹತ್ತು ದಿನ ಮುಂಚೆ ನಿಮ್ಮ ಆ್ಯಪ್‌ನಲ್ಲಿ ಹಾಕಿ. ಅದನ್ನು ನೋಡಿ ಯಾವ ದಿನ ಉಪ್ಪಿಟ್ಟಿನ ಪೊಟ್ಟಣ ಬೇಕು, ಯಾವ ದಿನ ಬೇಡ ಅಂತ ಲೆಕ್ಕ ಹಾಕಿ ಸೂಟ್‌ಕೇಸ್ ತುಂಬಿಕೊಳ್ಳುತ್ತೇವೆ.

ಇತಿ,
ಬೆಂಗಳೂರಿನ ಒಬ್ಬ ಪ್ರಯಾಣಿಕಳು